ಗಂಟೆಗೆ 20 ನಿಮಿಷ

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಒಂದು ಸ್ಟೀಲ್ ತಟ್ಟೆ, ತಟ್ಟೆಯ ತುಂಬ ಕೆಂಪು, ಹಳದಿ, ಹಸಿರು ಕಾರ್ಡುಗಳು. ಒಳಗೆ ಕಾಲಿಡುವವರು ಯಾರೇ ಇರಲಿ, ಪ್ರಾಂಶುಪಾಲರೇ ಬರಲಿ, ಒಂದನ್ನು ಎತ್ತಿ ಅಂಗಿಗೆ ಸಿಕ್ಕಿಸಿಕೊಳ್ಳಬೇಕು. ಹಸಿರಾದರೆ ಯಾರು ಬೇಕಾದರೂ ಮಾತಾಡಿಸಬಹುದು. ಹಳದಿಯಾದರೆ ಪರಿಚಯದವರು ಮಾತ್ರ. ಕೆಂಪಿದ್ದರೆ ಅವರಾಗಿ ಮಾತು ತೆಗೆಯುವ ತನಕ ತಂಟೆಗೆ ಹೋಗಬಾರದು. ಬಣ್ಣದ ಗುರುತು ಸಿಗದವರೂ ಇರುತ್ತಾರಲ್ಲ, ಅವರಿಗೆಂದು ಪ್ರತಿ ಕಾರ್ಡಿನ ಮೇಲೂ ಅದರ ಅರ್ಥ ದಪ್ಪಕ್ಷರದಲ್ಲಿದೆ. ನೀವು ಹಸಿರನ್ನು ಎತ್ತಿಕೊಳ್ಳಿ. ಬೆಳಗಿನ ಒಂಬತ್ತೂವರೆ, ಜುಲೈ ತಿಂಗಳ ಶನಿವಾರ, ಹೊರಗೆ ಜಿಟಿಜಿಟಿ ಮಳೆ.

ಇದು ಬೆಂಗಳೂರು ದಕ್ಷಿಣದ ಒಂದು ಸ್ವಾಯತ್ತ ಪದವಿ ಕಾಲೇಜು. ಹೆಸರು ಬರೆಯಬೇಡಿ ಎಂದು ಇಲ್ಲಿನ ಮಕ್ಕಳು ಕೇಳಿಕೊಂಡಿದ್ದಾರೆ, ಕಾಲೇಜಿನದ್ದೂ ತಮ್ಮದೂ. ಎರಡನೇ ಮಹಡಿಯ ಕೊನೆಯ ಈ ಕೋಣೆ ಮೊದಲು ಕೆಮಿಸ್ಟ್ರಿ ಲ್ಯಾಬಿನ ಸಾಮಾನು ತುಂಬುವ ಜಾಗವಾಗಿತ್ತು. ಕಪಾಟಿನ ಹತ್ತಿರ ಹೋದರೆ ಈಗಲೂ ಆಸಿಡ್ಡಿನ ಸಣ್ಣ ವಾಸನೆ. ಒಳಗೆ ಬಂದ ಕೂಡಲೇ ಏನೋ ಹಗುರವೆನಿಸುತ್ತದೆ, ಯಾಕೆಂದು ತಕ್ಷಣ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ತಿಳಿಯುತ್ತದೆ: ಟ್ಯೂಬ್‌ಲೈಟ್ ಇಲ್ಲ. ಚೋಕಿನ ಗುಂಯ್‌ಗುಡುವಿಕೆ ಇಲ್ಲ. ಮೂಲೆಯಲ್ಲಿ ಹಳದಿ ಬೆಳಕಿನ ಎರಡು ಬಲ್ಬು, ಕಿಟಕಿಗೆ ದಪ್ಪ ಪರದೆ, ಕಿರುಗುಟ್ಟದ ಫ್ಯಾನು. ಈ ಮೂರನ್ನು ಮಾಡಿಸಿಕೊಳ್ಳಲು ಇಲ್ಲಿನ ಇಂಟರ್ನ್‌ಗಳು ಇಡೀ ಒಂದು ಸೆಮಿಸ್ಟರ್ ಅರ್ಜಿ ಹಿಡಿದು ಓಡಾಡಿದ್ದಾರೆ.

ನಾಲ್ವರು ಇಂಟರ್ನ್‌ಗಳು. ತಮ್ಮಂಥವರಿಗೂ ಒಗ್ಗುವಂತೆ ತಮ್ಮದೇ ಕಾಲೇಜನ್ನು ಸರಿಮಾಡುವುದು ಇವರ ಕೆಲಸ. ತಂಡ ನಡೆಸುವವನು ಹಾಸನದ ಕಡೆಯ ಬಿಎಸ್ಸಿ ಹುಡುಗ, ಎಡಿಎಚ್‌ಡಿ ಇದೆ. ಕೂತಲ್ಲಿ ಕೂರಲಾರ, ಮಾತಾಡುವಾಗ ಗೋಡೆಯಿಂದ ಗೋಡೆಗೆ ನಡೆಯುತ್ತಾನೆ, ಅವನಿಗೆಂದೇ ಕೋಣೆಯ ಒಂದು ಪಕ್ಕ ಖಾಲಿ ಬಿಟ್ಟಿದ್ದಾರೆ. ಬಿಕಾಂ ಕೊನೆಯ ವರ್ಷದ ಹುಡುಗಿಗೆ ಡಿಸ್ಲೆಕ್ಸಿಯಾ. ಕಿಟಕಿ ಪಕ್ಕ ಕೂತಿರುವ ಬಿಸಿಎ ಹುಡುಗ ಆಟಿಸಂ ಇರುವವನು. ಇವತ್ತು ಅವನ ಅಂಗಿಯ ಮೇಲೆ ಹಳದಿ ಕಾರ್ಡು. ಮಾತಿಗಿಂತ ಟೈಪ್ ಮಾಡುವುದು ಅವನಿಗೆ ಸಲೀಸು. ನಾಲ್ಕನೆಯವಳು ಸೈಕಾಲಜಿ ಎಂಎ ಓದುವವಳು. ಅವಳಿಗೆ ಇಂಥ ಯಾವುದೂ ಇಲ್ಲ. ಫೋನ್ ಮಾಡುವ ಕೆಲಸವೆಲ್ಲ ಅವಳದು, ಏಕೆಂದರೆ ಉಳಿದ ಮೂವರಿಗೂ ಅಪರಿಚಿತರಿಗೆ ಫೋನ್ ಹಚ್ಚುವುದೆಂದರೆ ಹಿಂಸೆ. ಸಭೆಯ ನಡಾವಳಿ ಬರೆಯುವುದೂ ಅವಳೇ. ಮೊದಮೊದಲು ಇವರ ಪರವಾಗಿ ತಾನೇ ಮಾತಾಡಿಬಿಡುತ್ತಿದ್ದಳಂತೆ. ಈಗ ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಪೆನ್ನು ತಿರುಗಿಸುತ್ತ ಕಾಯುವುದನ್ನು ನೀವು ದಿನವಿಡೀ ನೋಡುತ್ತೀರಿ.

ಎಲ್ಲರಿಗೂ ತಿಂಗಳಿಗಿಷ್ಟು ಎಂದು ಗೌರವಧನವಿದೆ. ಹಳೆಯ ವಿದ್ಯಾರ್ಥಿಗಳ ನಿಧಿಯಿಂದ ಬರುವ ಹಣ, ದೊಡ್ಡದೇನಲ್ಲ, ಬಸ್ಸಿಗೂ ಊಟಕ್ಕೂ ಆಗುತ್ತದೆ. ಅದನ್ನು ಅವರು ಹಟ ಹಿಡಿದು ಕೇಳಿ ಪಡೆದಿದ್ದಾರೆ. ಹಿಂದೊಮ್ಮೆ ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನಕ್ಕೆ ಕಾಲೇಜಿನವರು ಇವರನ್ನು ವೇದಿಕೆಗೆ ಕರೆದರು. ನೀಲಿ ರಿಬ್ಬನ್ನು, ಹೂವಿನ ಹಾರ, ನಿಮ್ಮ ಕಷ್ಟದ ಕಥೆ ಹೇಳಿ ಎಂಬ ಒತ್ತಾಯ. ವೇದಿಕೆ ಬೇಡ ಎಂದ ಹುಡುಗರು ಅದರ ಬದಲು ಒಂದು ಕೋಣೆ ಕೇಳಿದರು, ಕೋಣೆಯ ಬೀಗದ ಕೈ ಕೇಳಿದರು, ಪರೀಕ್ಷಾ ವಿಭಾಗದ ಸಭೆಯಲ್ಲಿ ಕುರ್ಚಿ ಕೇಳಿದರು. ಇದನ್ನು ಕೇಳಿದಾಗ ನನಗೆ ರೋಮಾಂಚನವಾಯಿತು. ಈ ಮಕ್ಕಳನ್ನು ಹೊಗಳಿ ಚಪ್ಪಾಳೆ ತಟ್ಟಿ ಮನೆಗೆ ಕಳಿಸುವುದು ನಮಗೆ ಚೆನ್ನಾಗಿ ರೂಢಿಯಾಗಿದೆ. ಕೆಲಸ ಕೊಟ್ಟು, ಆ ಕೆಲಸಕ್ಕೆ ದುಡ್ಡು ಕೊಟ್ಟು, ಅವರು ಕಂಡು ಹೇಳಿದ್ದನ್ನು ಜಾರಿಗೆ ತರುವುದು ಇನ್ನೂ ರೂಢಿಯಾಗಬೇಕಿದೆ.

ಹತ್ತು ಗಂಟೆಗೆ ಅಟೆಂಡರ್ ಬೀಗದ ಗೊಂಚಲು ಹಿಡಿದು ಬರುತ್ತಾರೆ. ಎಲ್ಲರೂ ಕೆಳಗಿಳಿದು ಪರೀಕ್ಷಾ ಹಾಲಿಗೆ ಹೊರಡುತ್ತೀರಿ. ಖಾಲಿ ಹಾಲು, ಬೆಂಚುಗಳ ಸಾಲು, ಸುಣ್ಣದ ವಾಸನೆ. ಇವತ್ತಿನ ಕೆಲಸ ಪ್ರತಿ ಬೆಂಚಿನಲ್ಲೂ ಕೂತು ನೋಡುವುದು. ಹೌದು, ಪ್ರತಿಯೊಂದರಲ್ಲೂ. ನಿಮಗೂ ಒಂದು ಹಾಳೆ ಕೊಡುತ್ತಾರೆ, ಅದರಲ್ಲಿ ಚೌಕಗಳು, ಚೌಕದೊಳಗೆ ಬೆಂಚಿನ ನಂಬರು.

ಬಿಸಿಎ ಹುಡುಗ ಎಡಗಡೆ ಮೂರನೇ ಸಾಲಿನಲ್ಲಿ ಕೂತು ಕಣ್ಣು ಮುಚ್ಚುತ್ತಾನೆ. ನಿಮ್ಮ ಕಿವಿಗೆ ಮಳೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅವನು ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತಾನೆ: ನೀರಿನ ಪಂಪು, ಬಲಗಡೆ ಗೋಡೆಯ ಹಿಂದೆ. ಗಡಿಯಾರದ ಮುಳ್ಳು. ಸಜ್ಜಾದ ಮೇಲೆ ಪಾರಿವಾಳ. ಬಸ್ ಸ್ಟಾಪಿನಲ್ಲಿ ಕಂಡಕ್ಟರ್ ಸೀಟಿ. ನಾಲ್ಕನೇ ಫ್ಯಾನಿನ ರೆಕ್ಕೆ ಸುತ್ತಿಗೊಮ್ಮೆ ಏನಕ್ಕೋ ತಾಗುತ್ತಿದೆ. ಓದಿದ ಮೇಲೆ ಒಂದೊಂದಾಗಿ ನಿಮಗೂ ಕೇಳತೊಡಗುತ್ತವೆ. ಪಂಪು ನಿಜವಾಗಿಯೂ ಓಡುತ್ತಿದೆ. ನಿಮಗೆ ಇದು ಗಮನ ಕೊಟ್ಟರೆ ಮಾತ್ರ ಕೇಳುವ ಸದ್ದು. ಅವನಿಗೆ ಮೂರು ಗಂಟೆಯ ಪರೀಕ್ಷೆಯಲ್ಲಿ ಇವೆಲ್ಲ ಪ್ರಶ್ನೆಪತ್ರಿಕೆಯಷ್ಟೇ ಸ್ಪಷ್ಟ, ಒಂದನ್ನೂ ಆರಿಸಲು ಆಗುವುದಿಲ್ಲ.

ಹಾಸನದ ಹುಡುಗ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು, “ಇಲ್ಲಿ ನನ್ನನ್ನ ಕೂರಿಸಿದ್ರೆ ಮುಗೀತು. ಹೋಗೋರು ಬರೋರನ್ನೆಲ್ಲ ನೋಡ್ತಾ ಕೂತಿರ್ತೀನಿ” ಎನ್ನುತ್ತಾನೆ. ಎದ್ದು ಮುಂದಿನ ಸಾಲಿನ ಗೋಡೆ ಬದಿಗೆ ಹೋಗುತ್ತಾನೆ. “ಇದು ಪರವಾಗಿಲ್ಲ.” ಚೌಕಕ್ಕೆ ಹಸಿರು ಗುರುತು ಬೀಳುತ್ತದೆ.

ಬಿಕಾಂ ಹುಡುಗಿ ಬೆಂಚಿನ ಕಡೆ ಬಂದೇ ಇಲ್ಲ. ಅವಳು ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದಾಳೆ. ಹಳೆಯ ಸೆಮಿಸ್ಟರಿನ ಆಸನ ವ್ಯವಸ್ಥೆಯ ಪಟ್ಟಿ ಇನ್ನೂ ಅಂಟಿಕೊಂಡಿದೆ: ಇರುವೆ ಸಾಲಿನಂಥ ಅಕ್ಷರ, ಉದ್ದುದ್ದ ರಿಜಿಸ್ಟರ್ ನಂಬರುಗಳು, ಎಲ್ಲ ಒಂದೇ ರೀತಿ ಶುರುವಾಗಿ ಕೊನೆಯ ಮೂರು ಅಂಕಿಯಲ್ಲಿ ಮಾತ್ರ ಬೇರೆಯಾಗುವಂಥವು. ಪರೀಕ್ಷೆಯ ದಿನ ಬೆಳಿಗ್ಗೆ ಇದರ ಮುಂದೆ ನೂರಾರು ಜನ ನೂಕಾಡುತ್ತಿರುತ್ತಾರೆ. “ನನ್ನ ನಂಬರು ಹುಡುಕೋಷ್ಟರಲ್ಲಿ ಬೆಲ್ ಹೊಡೆದಿರುತ್ತೆ. ಬೇರೆ ಯಾರದೋ ಜಾಗದಲ್ಲಿ ಕೂತು ಎಬ್ಬಿಸಿಕೊಂಡಿದ್ದೀನಿ” ಎನ್ನುತ್ತಾಳೆ. ಕೊಠಡಿ ಮತ್ತು ಬೆಂಚಿನ ನಂಬರನ್ನು ಹಿಂದಿನ ದಿನವೇ ಎಲ್ಲರ ಫೋನಿಗೆ ಕಳಿಸಬೇಕು. ಅವಳ ಹಾಳೆಯಲ್ಲಿ ಮೊದಲ ಬೇಡಿಕೆ ಇದು.

ಇಷ್ಟು ಹೊತ್ತು ಬಾಗಿಲಲ್ಲೇ ನಿಂತಿದ್ದ ಅಟೆಂಡರ್ ಮೆಲ್ಲಗೆ ಹೇಳುತ್ತಾರೆ: “ಆ ಕಿಟಕಿ ಹತ್ರದ ಎರಡು ಬೆಂಚಿನವರು ಯಾವಾಗ್ಲೂ ಜಾಗ ಬದಲಾಯಿಸಿಕೊಡಿ ಅಂತಾರೆ ಸಾರ್. ಬಿಸಿಲು ನೇರ ಪೇಪರ್ ಮೇಲೇ ಬೀಳುತ್ತೆ. ಬೇಕಂತ ಹಂಗಂತಾರೆ ಅಂತ ಮೇಷ್ಟ್ರುಗಳು ಬೈತಾರೆ.” ಹಾಸನದ ಹುಡುಗ ಓಡಿಹೋಗಿ ಅವರ ಕೈಗೂ ಒಂದು ಹಾಳೆ ಕೊಡುತ್ತಾನೆ. ಇಷ್ಟು ವರ್ಷ ಈ ಹಾಲಿನ ಬೀಗ ತೆಗೆದವರು, ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಮೇಲೆ ಹತ್ತಿ ಬಂದಾಗ ಕೋಣೆಯ ಗೋಡೆಯನ್ನು ಒಮ್ಮೆ ಗಮನಿಸಿ. ಇವರು ಎಲ್ಲಿಂದ ಏನು ಕಲಿತರು ಎಂಬುದನ್ನು ಕೈಬರಹದಲ್ಲಿ ಬರೆದು ಹಚ್ಚಿದ್ದಾರೆ. ಬಾಗಿಲ ಬಳಿಯ ಬಣ್ಣದ ಕಾರ್ಡುಗಳ ಮೂಲ, ಅಮೆರಿಕದಲ್ಲಿ ಆಟಿಸಂ ಇರುವವರೇ ತಮಗಾಗಿ 1996ರಲ್ಲಿ ಶುರುಮಾಡಿದ ಆಟ್ರೀಟ್ ಎಂಬ ಶಿಬಿರಗಳಲ್ಲಿದೆ. ಮೆದುಳುಗಳು ಬಗೆಬಗೆಯಾಗಿರುವುದು ರೋಗವಲ್ಲ, ಮನುಷ್ಯ ಜಾತಿಯ ಸಹಜ ವೈವಿಧ್ಯ ಎಂಬ ಮಾತು 1998ರಲ್ಲಿ ಆಸ್ಟ್ರೇಲಿಯಾದ ಜೂಡಿ ಸಿಂಗರ್ ಅವರ ಪ್ರಬಂಧದಲ್ಲೂ ಅಮೆರಿಕದ ಹಾರ್ವಿ ಬ್ಲೂಮ್ ಅವರ ಲೇಖನದಲ್ಲೂ ಬಂತು. ಅದಕ್ಕೂ ಮೊದಲೇ ಆಟಿಸಂ ಇರುವ ಹಲವರು ತಮ್ಮತಮ್ಮಲ್ಲೇ ಬರೆದುಕೊಳ್ಳುತ್ತ ಆ ವಿಚಾರವನ್ನು ಬೆಳೆಸಿದ್ದರು. ಅದೇ 1998ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಡಿಸ್ಲೆಕ್ಸಿಯಾ, ಎಡಿಎಚ್‌ಡಿ ಇದ್ದ ವಿದ್ಯಾರ್ಥಿಗಳು ಪಕ್ಕದ ಶಾಲೆಯ ಅಂಥದೇ ಮಕ್ಕಳ ಜೊತೆ ಕೂತು ಚಿತ್ರ ಬರೆಯುತ್ತ, ಮಾತಾಡುತ್ತ ಐ ಟು ಐ ಎಂಬ ಕೆಲಸ ಆರಂಭಿಸಿದರು. 2006ರಲ್ಲಿ ಆಟಿಸ್ಟಿಕ್ ಸೆಲ್ಫ್ ಅಡ್ವೊಕಸಿ ನೆಟ್‌ವರ್ಕ್ ಹುಟ್ಟಿತು. ಮುಂದೆ ಅದು ಆಟಿಸಂ ಇರುವ ಕಾಲೇಜು ವಿದ್ಯಾರ್ಥಿಗಳನ್ನು ವಾಷಿಂಗ್ಟನ್ನಿಗೆ ಕರೆಸಿ ಕಾಯ್ದೆ, ಕ್ಯಾಂಪಸ್ಸು, ಸಂಘಟನೆ ಎಲ್ಲವನ್ನೂ ಕಲಿಸಿ ವಾಪಸ್ ಅವರವರ ಕಾಲೇಜಿಗೆ ಕಳಿಸತೊಡಗಿತು. ಪಟ್ಟಿಯ ಕೆಳಗೆ ನಮ್ಮೂರಿನದೂ ಒಂದಿದೆ: 2013ರಲ್ಲಿ ಎಸ್‌ಎಪಿ ಕಂಪನಿ ಆಟಿಸಂ ಇರುವವರನ್ನು ಸಾಫ್ಟ್‌ವೇರ್ ಪರೀಕ್ಷಕರ ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಪ್ರಕಟಿಸಿದಾಗ, ಅದರ ಮೊದಲ ಪ್ರಯೋಗ ಆಗಲೇ ಬೆಂಗಳೂರಿನ ಕಚೇರಿಯಲ್ಲಿ ಆರು ಜನರೊಂದಿಗೆ ನಡೆದಿತ್ತು.

ಹನ್ನೊಂದೂವರೆ. ಬಾಗಿಲಲ್ಲಿ ಕೊಡೆ ಮಡಚುವ ಸದ್ದು. ಕುಣಿಗಲ್ ಕಡೆಯಿಂದ ಒಬ್ಬ ತಂದೆ, ಜೊತೆಗೆ ಈ ವರ್ಷ ಬಿಕಾಂಗೆ ಸೇರಿದ ಮಗ. ಪ್ಲಾಸ್ಟಿಕ್ ಕವರಿನೊಳಗೆ ಕಾಗದಗಳು, ಕವರಿನ ಬಾಯಿಗೆ ರಬ್ಬರ್ ಬ್ಯಾಂಡು. ಮಗ ಕೆಂಪು ಕಾರ್ಡು ಎತ್ತಿಕೊಳ್ಳುತ್ತಾನೆ. ಸೈಕಾಲಜಿ ಹುಡುಗಿ ಏಳಲು ಹೋಗಿ ಮತ್ತೆ ಕೂರುತ್ತಾಳೆ. ಏಳಬೇಕಾದವಳು ಬಿಕಾಂ ಹುಡುಗಿ.

“ಮೇಡಂ, ಇವನಿಗೆ ಓದು ಹತ್ತಲ್ಲ. ದಡ್ಡ ಅಲ್ಲ ಮೇಡಂ, ಲೆಕ್ಕ ಎಲ್ಲ ಬಾಯಲ್ಲೇ ಮಾಡ್ತಾನೆ. ಓದೋಕೆ ಕೂತ್ರೆ ಮಾತ್ರ…”

“ಕೂತ್ಕೊಳ್ಳಿ ಅಂಕಲ್. ನಾನು ಮೇಡಂ ಅಲ್ಲ, ಇಲ್ಲೇ ಫೈನಲ್ ಇಯರ್ ಓದ್ತಾ ಇದ್ದೀನಿ. ನಂಗೂ ಅದೇ ಇರೋದು.”

ತಂದೆ ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ. ಅವಳು ಹುಡುಗನನ್ನು ಏನೂ ಕೇಳುವುದಿಲ್ಲ, ಕಾರ್ಡು ಕೆಂಪಲ್ಲವೆ. ಮೇಜಿನ ಮೇಲಿದ್ದ ಕನ್ನಡ ಪತ್ರಿಕೆ ಎಳೆದುಕೊಂಡು, ಅವನ ಕಡೆ ಸ್ವಲ್ಪ ತಿರುಗಿಸಿ, ಗಟ್ಟಿಯಾಗಿ ಓದಲು ತೊಡಗುತ್ತಾಳೆ. ಎಡವುತ್ತ ಓದುತ್ತಾಳೆ, ಎಡವಿದ್ದನ್ನು ಮುಚ್ಚಿಡದೆ. ‘ಕರ್ನಾಟಕ’ ಎಂಬಲ್ಲಿ ಬೆರಳು ನಿಲ್ಲುತ್ತದೆ. “ನೋಡು, ಕಿವಿಗೆ ಮೊದಲು ರ್ ಕೇಳುತ್ತೆ, ಆಮೇಲೆ ನಾ. ಕಣ್ಣಿಗೆ ಮೊದಲು ನಾ ಸಿಗುತ್ತೆ, ಆ ಅರ್ಕಾವತ್ತು ಹಿಂದೆ ಬಾಲದ ಥರ ಬರುತ್ತೆ. ನಾನು ಏಳನೇ ಕ್ಲಾಸಿನವರೆಗೂ ಕನಾರ್ಟಕ ಅಂತ ಬರೀತಿದ್ದೆ. ಮೇಷ್ಟ್ರು ನಿಂತಿರೋ ರಾಜ್ಯದ ಹೆಸರು ಬರಲ್ವಾ ಅಂತಿದ್ರು.” ಮುಂದಿನ ಸಾಲಿನಲ್ಲಿ ‘ಸ್ವಾತಂತ್ರ್ಯ’. ತ ಅಕ್ಷರದ ಕೆಳಗೆ ಎರಡೆರಡು ಒತ್ತು. ಅವಳು ಆ ಜಾಗದ ಮೇಲೆ ಬೆರಳಿಟ್ಟು ಸುಮ್ಮನಾಗುತ್ತಾಳೆ. ಹುಡುಗ ಪತ್ರಿಕೆಯ ಮೇಲೆ ಬಗ್ಗುತ್ತಾನೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಡಿಸ್ಲೆಕ್ಸಿಯಾ ಬಗ್ಗೆ ನಮ್ಮಲ್ಲಿ ಸಿಗುವ ಹೆಚ್ಚಿನ ಸಲಹೆಗಳು ಇಂಗ್ಲಿಷ್ ಓದಿಗಾಗಿ ಹುಟ್ಟಿದವು. ಬಿ ಮತ್ತು ಡಿ ಅದಲುಬದಲಾಗುತ್ತದೆ ಎನ್ನುತ್ತಾರೆ. ಕನ್ನಡದ ಮಗುವಿನ ಕಷ್ಟ ಅಲ್ಲಿರುವುದಿಲ್ಲ, ಕಾಗುಣಿತದಲ್ಲೂ ಒತ್ತಕ್ಷರದಲ್ಲೂ ಇರುತ್ತದೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಕನ್ನಡ ಕಲಿಯುವ ಮಕ್ಕಳನ್ನು ಗಮನಿಸಿ, 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಿದು: ಇಂಗ್ಲಿಷಿನ 26 ಅಕ್ಷರದಂತೆ ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸವಲ್ಲ ನಮ್ಮದು, ಅಕ್ಷರಗಳ ಮೇಲಿನ ಹಿಡಿತ ನಾಲ್ಕನೇ ತರಗತಿಗೆ ಬಂದರೂ ಇನ್ನೂ ಬೆಳೆಯುತ್ತಲೇ ಇರುತ್ತದೆ. ಹೀಗಿರುವಾಗ ತಡವಾಗಿ ಕಲಿಯುವ ಮಗು ಯಾವುದು, ಡಿಸ್ಲೆಕ್ಸಿಯಾ ಇರುವ ಮಗು ಯಾವುದು ಎಂದು ಇಂಗ್ಲಿಷ್ ಪರೀಕ್ಷೆ ಹಿಡಿದು ಅಳೆದರೆ ತಪ್ಪಾಗದೆ ಇರುತ್ತದೆಯೆ? ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ಡಾಲಿ ಎಂಬ ಪರೀಕ್ಷಾ ಸಾಮಗ್ರಿ ಹಿಂದಿ, ಮರಾಠಿ, ಕನ್ನಡಗಳಲ್ಲಿಯೂ ಬಂದದ್ದು ಇದಕ್ಕಾಗಿಯೇ. ಅದು ಪ್ರತಿ ತಾಲ್ಲೂಕಿನ ಶಾಲೆಗೂ ತಲುಪಬೇಕು.

ಹುಡುಗಿ ಡ್ರಾಯರಿನಿಂದ ಒಂದು ಗಟ್ಟಿ ಕಾರ್ಡು ತೆಗೆಯುತ್ತಾಳೆ. ನಡುವೆ ಉದ್ದಕ್ಕೆ ಕಿಂಡಿ ಕತ್ತರಿಸಿದೆ, ಒಂದು ಸಾಲು ಮಾತ್ರ ಕಾಣುವಂತೆ. “ಸಾಲಿನ ಕೆಳಗೆ ಸ್ಕೇಲ್ ಇಟ್ಕೊಂಡು ಓದು ಅಂತ ನಂಗೂ ಹೇಳಿದ್ರು. ಇಟ್ಟರೆ ಒತ್ತಕ್ಷರ ಎಲ್ಲ ಸ್ಕೇಲಿನ ಅಡಿ ಹೋಗ್ತಿತ್ತು! ಅದಕ್ಕೆ ಕಿಂಡಿ ಕೆಳಗಡೆ ಇಷ್ಟು ಅಗಲ ಬಿಟ್ಟಿದ್ದೀನಿ. ಇಟ್ಕೋ, ಇದು ನಿಂದೇ.” ಅವನು ಕಾರ್ಡನ್ನು ಪತ್ರಿಕೆಯ ಮೇಲಿಟ್ಟು ಸರಿಸುತ್ತಾನೆ. ಸರಿಸಿ ನಿಲ್ಲಿಸುತ್ತಾನೆ. ತುಟಿ ಅಲ್ಲಾಡುತ್ತದೆ, ದನಿ ಇಲ್ಲ. ತಂದೆ ಏನೋ ಹೇಳಲು ಹೊರಟಾಗ ಹಾಸನದ ಹುಡುಗ ಅವರ ಮುಂದೆ ಕಾಫಿ ಇಡುತ್ತಾನೆ, “ಕುಡೀರಿ ಅಂಕಲ್, ಬಿಸಿ ಆರೋಗುತ್ತೆ.”

ಆಮೇಲೆ ಕಾಗದಗಳ ಸರದಿ. ಅವಳು ಕವರಿನಿಂದ ಸರ್ಟಿಫಿಕೇಟು ತೆಗೆದು ತಾರೀಖು ನೋಡುತ್ತಾಳೆ. “ಇದು ನಿಂಗೆ 14 ಆಗಿದ್ದಾಗ ಮಾಡಿಸಿದ್ದು. ಸರ್ಕಾರದ ಮಾರ್ಗಸೂಚಿ ಪ್ರಕಾರ 18 ತುಂಬಿದಾಗ ಇನ್ನೊಂದ್ಸಲ ಪರೀಕ್ಷೆ ಮಾಡಿಸಬೇಕು. ಆಗ ಕೊಡೋದು ಜೀವನಪೂರ್ತಿ ನಡೆಯುತ್ತೆ. ನಿಂಗೆ ಯಾವಾಗ 18?”

“ಅಕ್ಟೋಬರ್.” ಹುಡುಗನ ಮೊದಲ ಮಾತು.

“ಹಂಗಾದ್ರೆ ಈಗಲೇ ಅಪಾಯಿಂಟ್‌ಮೆಂಟಿಗೆ ಹೆಸರು ಬರೆಸಬೇಕು. ಸೆಮಿಸ್ಟರ್ ಪರೀಕ್ಷೆ ಡಿಸೆಂಬರಿಗೆ ಬಂದುಬಿಡುತ್ತೆ, ಕಾಗದ ಇಲ್ಲ ಅಂದ್ರೆ ಹೆಚ್ಚುವರಿ ಸಮಯ ಕೊಡಲ್ಲ. ನಾನು ಒಂದು ಸೆಮಿಸ್ಟರ್ ಹಂಗೇ ಕಳ್ಕೊಂಡಿದ್ದೀನಿ. ಅರ್ಜಿ ನೀನೇ ತುಂಬು, ಸೋಮವಾರ ಬಾ, ನಾನು ಪಕ್ಕದಲ್ಲಿ ಕೂತಿರ್ತೀನಿ.”

“ಬರ್ತೀನಕ್ಕ.”

ಯಾವ ಕೌನ್ಸೆಲರ್ ಬಳಿಯೂ ಸಿಗದ ಮಾಹಿತಿ ಇದೆಂದು ನಾನು ಹೇಳುತ್ತಿಲ್ಲ. ಆದರೆ ಡಿಸೆಂಬರಿನ ಲೆಕ್ಕವನ್ನು ಜುಲೈನಲ್ಲೇ ಹಾಕಬೇಕೆಂದು ಹೊಳೆಯುವುದು ಆ ಡಿಸೆಂಬರಿನಲ್ಲಿ ಪೆಟ್ಟು ತಿಂದವರಿಗೆ. ಎರಡೇ ವರ್ಷ ಮುಂದಿರುವ ಅಕ್ಕ ಹೇಳಿದ್ದು ಕುಣಿಗಲ್ಲಿನ ಹುಡುಗನ ಕಿವಿಗೆ ಬಿದ್ದ ರೀತಿಯನ್ನು ನೀವೂ ನೋಡಿದಿರಿ.

ಊಟದ ಹೊತ್ತು ಬೇಗ ಮುಗಿಯುತ್ತದೆ. ಡಬ್ಬಿಗಳು ತೆರೆಯುತ್ತವೆ, ಚಿತ್ರಾನ್ನ, ಚಪಾತಿ ಕೈಯಿಂದ ಕೈಗೆ ಹೋಗುತ್ತವೆ. ಬಿಸಿಎ ಹುಡುಗ ತನ್ನ ಮೊಸರನ್ನದ ಡಬ್ಬಿ ಹಿಡಿದು ಮೆಟ್ಟಿಲ ತಿರುವಿಗೆ ಹೋಗಿ ಒಬ್ಬನೇ ತಿನ್ನುತ್ತಾನೆ. ದಿನವೂ ಮೊಸರನ್ನವೇ, ದಿನವೂ ಅದೇ ಮೆಟ್ಟಿಲು. ಇಲ್ಲಿ ಬಾರೋ ಎಂದು ಯಾರೂ ಕೂಗುವುದಿಲ್ಲ. ಊಟವಾದ ಮೇಲೆ ಹಾಸನದ ಹುಡುಗ ಲ್ಯಾಪ್‌ಟಾಪ್ ತೆರೆದು ಮೂರು ಗಂಟೆಯ ಸಭೆಗೆ ಟಿಪ್ಪಣಿ ಮುಗಿಸಬೇಕು. ತೆರೆದು ಕೂತವನು ಹತ್ತು ನಿಮಿಷವಾದರೂ ಒಂದು ಸಾಲು ಬರೆದಿಲ್ಲ. ಬಿಕಾಂ ಹುಡುಗಿ ತನ್ನ ಪುಸ್ತಕ ತಂದು ಅವನ ಎದುರು ಕೂರುತ್ತಾಳೆ. ಮಾತಿಲ್ಲ, ನೆನಪಿಸುವುದಿಲ್ಲ, ಬರೀ ಕೂತು ತನ್ನ ಪಾಡಿಗೆ ತಾನು ಓದುತ್ತಾಳೆ. ಅವನ ಬೆರಳು ಓಡತೊಡಗುತ್ತವೆ. ಜೊತೆಯಲ್ಲಿ ಒಬ್ಬರು ಕೂತಿದ್ದರೆ ಕೆಲಸ ಸಾಗುತ್ತದೆ ಎಂಬುದು ಎಡಿಎಚ್‌ಡಿ ಇರುವ ಅನೇಕರು ಕಂಡುಕೊಂಡ ದಾರಿ. ಇಲ್ಲಿ ಅದನ್ನೂ ಇಂಟರ್ನ್‌ಶಿಪ್ಪಿನ ಕೆಲಸವೆಂದೇ ಹಾಜರಿ ಪುಸ್ತಕದಲ್ಲಿ ಬರೆಯುತ್ತಾರೆ.

ಮೂರು ಗಂಟೆಗೆ ಸರಿಯಾಗಿ ಸೆಮಿನಾರ್ ಕೊಠಡಿ. ಪ್ರಾಂಶುಪಾಲರು, ಪರೀಕ್ಷಾ ನಿಯಂತ್ರಕರು, ಕಚೇರಿ ಸೂಪರಿಂಟೆಂಡೆಂಟ್. ಎದುರಿಗೆ ನಾಲ್ವರು. ಸಭೆಗೆ ಇವರದೇ ನಿಯಮಗಳಿವೆ, ಹಿರಿಯರು ಒಪ್ಪಿಕೊಂಡಿದ್ದಾರೆ: ಪ್ರಶ್ನೆಗಳೆಲ್ಲ ಹಿಂದಿನ ದಿನವೇ ಬರಹದಲ್ಲಿ ಬರಬೇಕು, ಉತ್ತರವನ್ನು ಯಾರು ಬೇಕಾದರೂ ಟೈಪ್ ಮಾಡಿ ಪರದೆಯ ಮೇಲೆ ತೋರಿಸಬಹುದು, ಒಬ್ಬರ ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಬಾರದು.

ಬೆಂಚಿನ ನಕ್ಷೆ ಪರದೆಯ ಮೇಲೆ ಬರುತ್ತದೆ. ಕೆಂಪು ಚೌಕಗಳನ್ನು ನೋಡಿ ಪರೀಕ್ಷಾ ನಿಯಂತ್ರಕರು ಕನ್ನಡಕ ಏರಿಸಿಕೊಳ್ಳುತ್ತಾರೆ. ಫ್ಯಾನ್ ರಿಪೇರಿ, ಸದ್ದಿಲ್ಲದ ಗಡಿಯಾರ, ಪರೀಕ್ಷೆಯ ಹೊತ್ತಿನಲ್ಲಿ ಪಂಪು ಬಂದ್, ಹಿಂದಿನ ದಿನವೇ ಆಸನದ ಸಂದೇಶ. ನಾಲ್ಕಕ್ಕೂ ಒಪ್ಪಿಗೆ ಸಿಗುವುದು ಎಷ್ಟು ಬೇಗವೆಂದರೆ ಹಾಸನದ ಹುಡುಗನಿಗೇ ಆಶ್ಚರ್ಯ. ತೊಡಕು ಬರುವುದು ಐದನೆಯದರಲ್ಲಿ: ಪ್ರತ್ಯೇಕ ಕೊಠಡಿ ಮತ್ತು ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ. ಮೂರು ಗಂಟೆಯ ಪರೀಕ್ಷೆಗೆ ಒಟ್ಟು ಒಂದು ಗಂಟೆ.

“ಸರ್ಟಿಫಿಕೇಟ್ ಇದ್ದೋರಿಗೆ ಕೊಡ್ತೀವಪ್ಪ, ಕಾನೂನೇ ಇದೆ” ಎನ್ನುತ್ತಾರೆ ಸೂಪರಿಂಟೆಂಡೆಂಟ್. “40 ಪರ್ಸೆಂಟ್ ನ್ಯೂನತೆ ಇಲ್ದೋರಿಗೆ? ಎಡಿಎಚ್‌ಡಿ ಅನ್ನೋರಿಗೆ? ಅದು ಪಟ್ಟೀಲೇ ಇಲ್ಲ. ನಾಳೆ ಎಲ್ರೂ ನಂಗೂ ಇದೆ ಅಂತ ಬಂದ್ರೆ ನಾನೇನು ಮಾಡ್ಲಿ?”

ಅವರ ಭಯ ಸುಳ್ಳಲ್ಲ. ಲೆಕ್ಕಪರಿಶೋಧನೆಗೆ ಉತ್ತರ ಕೊಡಬೇಕಾದವರು ಅವರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ 21 ಬಗೆಯ ನ್ಯೂನತೆಗಳಿವೆ. ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿಯ ಹೆಸರಿಲ್ಲ. ಈ ತಂಡವನ್ನು ನಡೆಸುತ್ತಿರುವವನೇ ಆ ಪಟ್ಟಿಯಿಂದ ಹೊರಗೆ. ಕುಣಿಗಲ್ಲಿನ ಹುಡುಗನಿಗೆ ಸಿಗುವ ಒಂದು ಗಂಟೆ ಅವನಿಗೆ ಸಿಗುವುದಿಲ್ಲ. ಅವನ ಕಾಲು ಮೇಜಿನ ಕೆಳಗೆ ಅಲ್ಲಾಡುತ್ತಿದೆ. ಬಾಯಿ ತೆರೆಯುವುದಿಲ್ಲ. ತನ್ನ ವಿಷಯ ಬಂದಾಗ ತಾನು ವಾದಿಸುವುದಿಲ್ಲ, ಜೊತೆಯವರು ವಾದಿಸುತ್ತಾರೆ. ಅದೂ ಇವರ ನಿಯಮ.

ಕೀಲಿಮಣೆಯ ಸದ್ದು. ಬಿಸಿಎ ಹುಡುಗನ ಸಾಲುಗಳು ಒಂದೊಂದೇ ಪರದೆಗೆ ಬರುತ್ತವೆ. ನೀವೂ ಎಲ್ಲರ ಜೊತೆ ಓದುತ್ತೀರಿ.

‘ಗಡಿಯಾರ ತೆಗೆದರೆ ಯಾರೂ ಸರ್ಟಿಫಿಕೇಟ್ ತರಬೇಕಾಗಿಲ್ಲ. ಮೊದಲ ನಾಲ್ಕು ಬೇಡಿಕೆ ಎಲ್ಲರಿಗೂ. ಆದ್ದರಿಂದ ಐದನೆಯದನ್ನು ಕೇಳುವವರು ಕಡಿಮೆಯಾಗುತ್ತಾರೆ.’

ಬಿಡುವು. ಮತ್ತೆ ಸದ್ದು.

‘ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ, ಸುಪ್ರೀಂ ಕೋರ್ಟ್, 11 ಫೆಬ್ರವರಿ 2021. ಅವರಿಗೆ ಕೈ ಸೆಟೆದುಕೊಂಡು ಬರೆಯಲಾಗುತ್ತಿರಲಿಲ್ಲ. ನಿಗದಿತ 40 ಪರ್ಸೆಂಟ್ ನ್ಯೂನತೆ ಇಲ್ಲ ಎಂದು ಯುಪಿಎಸ್‌ಸಿ ಸ್ಕ್ರೈಬ್, ಅಂದರೆ ಅವರ ಪರವಾಗಿ ಬರೆಯುವವರನ್ನು, ಕೊಡಲಿಲ್ಲ. ಕೋರ್ಟ್ ಹೇಳಿತು: 40 ಪರ್ಸೆಂಟ್ ಮೀಸಲಾತಿಗೆ ಬೇಕು, ಸೂಕ್ತ ಅನುಕೂಲ ಮಾಡಿಕೊಡುವುದಕ್ಕೆ ಬೇಕಿಲ್ಲ. ಆಮೇಲೆ 10 ಆಗಸ್ಟ್ 2022ರಂದು ಕೇಂದ್ರದ ಮಾರ್ಗಸೂಚಿ ಬಂತು. ಬರೆಯಲು ಕಷ್ಟ ಇರುವವರಿಗೆ 40ಕ್ಕಿಂತ ಕಡಿಮೆ ಇದ್ದರೂ ಸ್ಕ್ರೈಬ್, ಗಂಟೆಗೆ 20 ನಿಮಿಷ.’

ಪರೀಕ್ಷಾ ನಿಯಂತ್ರಕರು ಬರೆದುಕೊಳ್ಳುತ್ತಿದ್ದಾರೆ. ಸೂಪರಿಂಟೆಂಡೆಂಟ್ ಪರದೆಯನ್ನೇ ನೋಡುತ್ತಿದ್ದಾರೆ. ಬಿಕಾಂ ಹುಡುಗಿ ಮುಂದುವರಿಸುತ್ತಾಳೆ. 2021ರ ನವೆಂಬರಿನಲ್ಲಿ, ಬರೆಯುವುದು ಕಷ್ಟವಾಗುವ ಡಿಸ್‌ಗ್ರಾಫಿಯಾ ಇದ್ದ ನೀಟ್ ಅಭ್ಯರ್ಥಿಯೊಬ್ಬಳ ಉತ್ತರಪತ್ರಿಕೆಯನ್ನು ಒಂದು ಗಂಟೆ ಮೊದಲೇ ಕಿತ್ತುಕೊಂಡ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಅವಳಿಗೆ ಅನ್ಯಾಯವಾಗಿದೆ ಎಂದಿತು. “ಅಲ್ಲಿ ಕೊಠಡಿಯಲ್ಲಿದ್ದವರಿಗೆ ನಿಯಮ ಗೊತ್ತಿರಲಿಲ್ಲ ಸರ್. ನಮ್ಮ ಕೊಠಡಿ ಮೇಲ್ವಿಚಾರಕರಿಗೂ ಗೊತ್ತಿಲ್ಲ. ಪರೀಕ್ಷೆಗೆ ಮುಂಚೆ ಅವರಿಗೆ ಒಂದು ಗಂಟೆ ತರಬೇತಿ ನಾವೇ ಕೊಡ್ತೀವಿ.”

“ನೀವು ಮೇಷ್ಟ್ರಿಗೆ ತರಬೇತಿ ಕೊಡ್ತೀರಾ?” ಸೂಪರಿಂಟೆಂಡೆಂಟ್ ಕೇಳುತ್ತಾರೆ. ದನಿಯಲ್ಲಿ ಕೊಂಕಿಲ್ಲ, ನಿಜವಾಗಿಯೂ ಕೇಳುತ್ತಿದ್ದಾರೆ.

“ಹೌದು ಸರ್.”

ಈ ಎರಡು ಪದ ಹೇಳಲು ಈ ಹುಡುಗಿ ಎಲ್ಲಿಂದ ಎಲ್ಲಿಗೆ ಬಂದಿದ್ದಾಳೆ ಎಂದು ಯೋಚಿಸಿ. ರಾಜ್ಯದ ಹೆಸರು ಬರೆಯಲು ಬಾರದೆ ತರಗತಿಯಲ್ಲಿ ನಿಂತಿದ್ದವಳು. ಅವಳಿಗೆ ಸಿಕ್ಕಿದ್ದು ಪ್ರೋತ್ಸಾಹದ ಮಾತಲ್ಲ, ಬೀಗದ ಕೈ ಮತ್ತು ಕೆಲಸ. ರಾಜ್ಯದ ಪ್ರತಿ ಪದವಿ ಕಾಲೇಜಿನಲ್ಲೂ ಇಂಥ ನಾಲ್ವರು ಖಂಡಿತ ಇದ್ದಾರೆ, ಹೆಚ್ಚಿನ ಕಡೆ ಹಿಂದಿನ ಬೆಂಚಿನಲ್ಲಿ, ಸೋಮಾರಿ ಎಂದೋ ಅಹಂಕಾರಿ ಎಂದೋ ಕರೆಸಿಕೊಂಡು. ಇಂಟರ್ನ್‌ಶಿಪ್ ಎಂದು ಯಾವುದೋ ಕಂಪನಿಯಲ್ಲಿ ಝೆರಾಕ್ಸ್ ತೆಗೆಸುವ ಬದಲು ಅವರಿಗೆ ಅವರದೇ ಕಾಲೇಜನ್ನು ಸರಿಮಾಡುವ ಕೆಲಸ ಕೊಡಬಹುದು. ಖರ್ಚು ಹೆಚ್ಚಲ್ಲ. ಕೊಡುವ ಮನಸ್ಸು ಬೇಕು, ಅವರು ಹೇಳಿದ್ದಕ್ಕೆ ಸಹಿ ಹಾಕುವ ಧೈರ್ಯ ಬೇಕು.

ನಾಲ್ಕೂವರೆಗೆ ಸೈಕಾಲಜಿ ಹುಡುಗಿ ನಡಾವಳಿ ಓದುತ್ತಾಳೆ. ಸರ್ಟಿಫಿಕೇಟ್ ಇರುವವರಿಗೆ ಪ್ರತ್ಯೇಕ ಕೊಠಡಿ, ಹೆಚ್ಚುವರಿ ಸಮಯ ಒಪ್ಪಿಗೆಯಾಗಿದೆ. ಕೊಠಡಿ ಮೇಲ್ವಿಚಾರಕರ ತರಬೇತಿ ಒಪ್ಪಿಗೆಯಾಗಿದೆ. ಪಟ್ಟಿಯಲ್ಲಿ ಇಲ್ಲದವರ ವಿಷಯ, ಎಡಿಎಚ್‌ಡಿ ಸೇರಿದಂತೆ, ‘ಸಹಾನುಭೂತಿಯಿಂದ ಪರಿಶೀಲಿಸಲಾಗುವುದು’.

ಹಾಸನದ ಹುಡುಗ ಎದ್ದು ನಿಲ್ಲುತ್ತಾನೆ. “ಸರ್, ಆ ಸಾಲಲ್ಲಿ ಒಂದು ತಾರೀಖು ಹಾಕಿಕೊಡಿ. ಇಲ್ಲಾಂದ್ರೆ ನಾನೇ ಮರೆತುಬಿಡ್ತೀನಿ.”

ಪ್ರಾಂಶುಪಾಲರು ಡೈರಿ ತಿರುವುತ್ತಾರೆ. ಆಗಸ್ಟ್ 20ರೊಳಗೆ ಶೈಕ್ಷಣಿಕ ಮಂಡಳಿಯ ಮುಂದೆ ಇಡುವುದಾಗಿ ಹೇಳುತ್ತಾರೆ. ಮಂಡಳಿ ಏನು ತೀರ್ಮಾನಿಸುತ್ತದೋ ತಮಗೆ ಗೊತ್ತಿಲ್ಲ ಎಂದೂ ಸೇರಿಸುತ್ತಾರೆ. ಗೌರವಧನ ಮಾರ್ಚ್‌ವರೆಗೆ ಮಾತ್ರ ಇದೆ, ಮುಂದಿನದು ಹಳೆಯ ವಿದ್ಯಾರ್ಥಿಗಳ ಸಂಘದ ಕೈಯಲ್ಲಿ. ಅದೂ ನಡಾವಳಿಗೆ ಹೋಗುತ್ತದೆ. ಸಹಿಗಳಾಗುತ್ತವೆ, ಬಿಸಿಎ ಹುಡುಗನದು ಎಲ್ಲರಿಗಿಂತ ಕೊನೆಯಲ್ಲಿ, ಪ್ರತಿ ಪುಟವನ್ನೂ ಪೂರ್ತಿ ಓದಿದ ಮೇಲೆ. ಮೂರನೇ ಪುಟದಲ್ಲಿ ಒಂದು ತಪ್ಪು ಹಿಡಿಯುತ್ತಾನೆ: ‘ಗಂಟೆಗೆ 20 ನಿಮಿಷ’ ಎಂದಿರಬೇಕಾದಲ್ಲಿ ‘ಒಟ್ಟು 20 ನಿಮಿಷ’ ಎಂದಾಗಿದೆ. ಸೂಪರಿಂಟೆಂಡೆಂಟ್ ಪೆನ್ನು ಕೇಳಿ ಪಡೆದು, ಹೊಡೆದು ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ ಕೊಡುತ್ತಾರೆ.

ಕಾರಿಡಾರಿನಲ್ಲಿ ಹಾಸನದ ಹುಡುಗ ಆಗಲೇ ಸೋಮವಾರದ ಕೆಲಸ ಹಂಚುತ್ತಿದ್ದಾನೆ. ಮೊದಲ ವರ್ಷದವರ ಪಟ್ಟಿ ಪರೀಕ್ಷಾ ವಿಭಾಗದಿಂದ ತರುವುದು ಯಾರು, ಆಸ್ಪತ್ರೆಗೆ ಫೋನ್ ಮಾಡುವುದು ಯಾರು, ಎಲೆಕ್ಟ್ರಿಷಿಯನ್ ಬಂದಾಗ ನಾಲ್ಕನೇ ಫ್ಯಾನು ತೋರಿಸುವುದು ಯಾರು. ಮೇಲ್ವಿಚಾರಕರ ತರಬೇತಿಗೆ ಬೇಕಾದ ಹಾಳೆಗಳು ಇನ್ನು ಮೂರು ವಾರದಲ್ಲಿ ತಯಾರಾಗಬೇಕು. “ನಂಗೆ ಮಾತ್ರ ಎರಡೇ ವಾರ ಅಂತ ಹೇಳಿ” ಎಂದು ಬಿಕಾಂ ಹುಡುಗಿಗೆ ಹೇಳುತ್ತಾನೆ. ಅವಳು ಹಾಗೆಯೇ ಬರೆದುಕೊಳ್ಳುತ್ತಾಳೆ.